ಅಪ್ಪನ ಜಗಳಕ್ಕೊಂದು ಇಂಗ್ರೇಜಿ ಹೆಸರು

ಕಲಬುರ್ಗಿ ಸ್ಟೇಷನ್, ಮಾಲುಖಾನೆ
ಬುಧವಾರ, ೨೧ ನವೆಂಬರ್ ೧೯೧೭

ಪ್ರೀತಿಯ ಕಲ್ಯಾಣಣ್ಣನಿಗೆ ತಮ್ಮ ಜಗದೇವನ ಶರಣು ಶರಣಾರ್ಥಿ.

ಹೇಗಿದ್ದೀ? ಬಸರಾದಲ್ಲಿ ಈಗಲಾದರೂ ಸೆಕೆ ಇಳಿಯಿತೋ ಇಲ್ಲವೋ? ಹೊಟ್ಟೆ ಕೆಟ್ಟಿದೆ ಎಂದು ಹೋದ ಕಾಗದದಲ್ಲಿ ನೀನು ಬರೆದಿದ್ದೆ. ಊರಿಗೆ ಹೋದಾಗ ನಾನು ಅದನ್ನು ಅವ್ವನ ಮುಂದೆ ಓದಿಬಿಟ್ಟೆ ನೋಡು, ಅಂದಿನಿಂದ ಮಜ್ಜಿಗೆ ಕುಡಿಯಲು ಕೂತಾಗಲೆಲ್ಲ “ನನ್ ಮಗಗ ಅಲ್ಲಿ ಮಜ್ಜಗಿ ಯಾರ್ ಕೊಡ್ತಾರ” ಎಂದು ತಂಬಿಗೆ ಕೆಳಗಿಡುತ್ತಾಳೆ. ಜಯದೇವಿ ವೈನಿ ನಿನಗೆ ಕಳಿಸಲೆಂದು ಶೇಂಗಾ ಹಿಂಡಿ ಕುಟ್ಟಿ ಡಬ್ಬಿಗೆ ತುಂಬಿ, ಬಾಯಿಗೆ ಅರಿವೆ ಕಟ್ಟಿ ಇಟ್ಟಿದ್ದಾಳೆ. ಯುದ್ಧದ ಟಪಾಲಿನಲ್ಲಿ ಡಬ್ಬಿ ಒಯ್ಯುತ್ತಾರೋ ಇಲ್ಲವೋ ಕೇಳಿ ತಿಳಿಸುತ್ತೇನೆ ಎಂದಿದ್ದೇನೆ. ನಿಮ್ಮ ಕಡೆ ಹೋಗುವ ಕಾಗದಗಳನ್ನು ನಡುವೆ ಯಾರೋ ಸಾಹೇಬರು ಒಡೆದು ಓದುತ್ತಾರಂತೆ. ಓದಲಿ ಬಿಡು. ಇದರಲ್ಲಿ ಬಾಳೆಹಣ್ಣಿನ ಹೊರತು ಬೇರೆ ಗುಟ್ಟಿಲ್ಲ.

ಈಗ ಸುದ್ದಿ ಹೇಳುತ್ತೇನೆ, ಗಾಬರಿಯಾಗಬೇಡ. ಅಪ್ಪನನ್ನೂ ನಬಿಕಾಕಾನನ್ನೂ ಸೋಮವಾರ ಇಲ್ಲೇ, ನನ್ನ ಕಣ್ಣೆದುರಿಗೇ, ಪ್ಲಾಟ್‌ಫಾರ್ಮಿನ ಮೇಲೆ ರೈಲ್ವೆ ಪೊಲೀಸರು ಹಿಡಿದರು. ಜಾಮೀನಿನ ಮೇಲೆ ಬಿಟ್ಟಿದ್ದಾರೆ. ಶುಕ್ರವಾರ ಮ್ಯಾಜಿಸ್ಟ್ರೇಟ್ ಸಾಹೇಬ ಬರುತ್ತಾನೆ, ವಿಚಾರಣೆ ಆಗುತ್ತದೆ. ಇಬ್ಬರ ಹೇಳಿಕೆಯನ್ನೂ ಇಂಗ್ರೇಜಿಯಲ್ಲಿ ಬರೆದುಕೊಡುವ ಕೆಲಸ ನನ್ನ ಕುತ್ತಿಗೆಗೆ ಬಂದಿದೆ. ನಡೆದದ್ದಕ್ಕೆ ಇಂಗ್ರೇಜಿಯಲ್ಲಿ ಏನನ್ನಬೇಕು ಎಂಬುದರ ಮೇಲೆ ಅವರು ಮನೆಗೆ ಹೋಗುವುದೋ ಜೇಲಿಗೆ ಹೋಗುವುದೋ ನಿಂತಿದೆ. ನೀನು ಇಲ್ಲಿದ್ದಿದ್ದರೆ ಆ ಹೇಳಿಕೆ ನೀನೇ ಬರೆಯುತ್ತಿದ್ದೆ, ನಾನು ನಿನ್ನ ಹಿಂದೆ ನಿಂತು ತಪ್ಪು ಹುಡುಕುತ್ತಿದ್ದೆ. ಬೇಕಾದಾಗ ಊರಲ್ಲಿರದ ಅಣ್ಣ ನೀನೊಬ್ಬನೇ ಅಲ್ಲ, ಆದರೂ ನನಗೆ ನಿನ್ನ ಮೇಲೇ ಸಿಟ್ಟು ಬರುತ್ತಿದೆ.

ಸ್ಟೇಷನ್ನಿನ ಬೇಲಿಯ ಆಚೆ ಇದು ನಡೆದಿದ್ದರೆ ಇಷ್ಟು ಕಷ್ಟವಿರಲಿಲ್ಲ. ನಿಜಾಮ್ ಸರಕಾರದ ಅಮೀನ್ ಸಾಹೇಬರು ಉರ್ದುವಿನಲ್ಲಿ ‘ತಕರಾರು’ ಎಂದು ಒಂದು ಸಾಲು ಗೀಚಿ, ಇಬ್ಬರು ಮುದುಕರನ್ನೂ ಗದರಿಸಿ, ಚಹಾ ಕುಡಿಸಿ ಕಳಿಸುತ್ತಿದ್ದರು. ಬೇಲಿಯ ಒಳಗೆ ಇಂಗ್ರೇಜರ ಕಾಯಿದೆ, ಇಂಗ್ರೇಜಿ ಕಾಗದ. ಅದರಲ್ಲೂ ಈಗ ಯುದ್ಧದ ಕಾಲ. ದಿನಾಲೂ ಸಿಪಾಯಿಗಳ ಗಾಡಿಗಳು ಹಾದುಹೋಗುತ್ತವೆ, ಪ್ಲಾಟ್‌ಫಾರ್ಮಿನಲ್ಲಿ ಯಾರಾದರೂ ಜೋರಾಗಿ ಸೀನಿದರೂ ಪೊಲೀಸರು ತಿರುಗಿ ನೋಡುತ್ತಾರೆ. ಇಂಥಲ್ಲಿ ಹೋಗಿ ನಮ್ಮವರು ತಮ್ಮ ಬೈಗುಳದ ಶಾಸ್ತ್ರ ಮಾಡಿದರು.

ಆ ಶಾಸ್ತ್ರ ನಿನಗೆ ಮರೆತಿರಲಿಕ್ಕಿಲ್ಲ. ಹಂಗಾಮಿನ ಮೊದಲನೆಯ ಮಾಲು ಗಾಡಿ ಹತ್ತುವಾಗ ಯಾರೂ ಹೊಗಳಬಾರದು. ನಮ್ಮ ಕಮಲಾಪುರದ ಕೆಂಪು ಬಾಳೆ ನೋಡಿ ದಾರಿಯಲ್ಲಿ ಹೋಗುವವರು ಕೂಡ ನಿಂತು “ಏನ್ ಬಣ್ಣ ಅದಪಾ!” ಎನ್ನುತ್ತಾರೆ, ಅದಕ್ಕೆ ದೃಷ್ಟಿಯಾಗುತ್ತದೆ ಎಂದು ನಮ್ಮಜ್ಜನೂ ನಬಿಕಾಕಾನ ಅಪ್ಪನೂ ಸೇರಿ ಮಾಡಿಕೊಂಡ ಉಪಾಯ. ಇವರ ಮಾಲನ್ನು ಅವರು ಬೈಯಬೇಕು, ಅವರದನ್ನು ಇವರು. ಅಪ್ಪ ಶುರು ಮಾಡುತ್ತಾನೆ: “ಏ ನಬ್ಯಾ, ಇವು ಬಾಳಿಹಣ್ಣೋ ಬದನಿಕಾಯೋ? ದನದ ಮುಂದ ಒಗದ್ರ ದನ ಮೂಸಂಗಿಲ್ಲ!” ಆ ಕಡೆಯಿಂದ ನಬಿಕಾಕಾ: “ನಿಂದು ನೋಡ್ಕೋ ದೌಲ್ಯಾ, ಇಲಿ ಬಾಲ ಇದ್ದಂಗ ಅವ. ಮುಂಬೈ ಮಂದಿ ಚಸ್ಮಾ ಹಾಕ್ಕೊಂಡ್ರೂ ಕಾಣಂಗಿಲ್ಲ!” ಹೀಗೆ ಏರುತ್ತಾ ಏರುತ್ತಾ ಕಡೆಗೆ ಹಿರಿಯರಿಂದ ಬಂದ ಎರಡು ಮಾತು. ಅಪ್ಪ ಹೇಳುವುದು, “ನಿನ್ನ ತ್ವಾಟದಾಗ ದೀಪ ಹಚ್ಚಾವ್ರು ಉಳೀಬಾರ್ದು!” ಕಾಕಾ ಹೇಳುವುದು, “ನಿನ್ನ ಬಾವ್ಯಾಗ ಹಗ್ಗ ಬಿಡಾವ್ರು ಉಳೀಬಾರ್ದು!” ಅಷ್ಟಾದ ಮೇಲೆ ಇಬ್ಬರೂ ನಕ್ಕು, ಹುಲ್ಲಿನಲ್ಲಿ ಮಾಗಿಸಿ ತಂದ ಚಿಪ್ಪು ಬಿಚ್ಚಿ, ಇವನ ಹಣ್ಣು ಅವನು, ಅವನ ಹಣ್ಣು ಇವನು ಸುಲಿದು ತಿನ್ನುತ್ತಾರೆ. ಅಲ್ಲಿಗೆ ಶಾಸ್ತ್ರ ಮುಗಿಯಿತು. ನೀನೂ ಕಾಕಾನ ಮಗ ಖಾಜಾನೂ ಎತ್ತಿನ ಗಾಡಿಯ ಕೆಳಗೆ ಕೂತು ಆ ಬೈಗುಳಗಳನ್ನೇ ಅನುಕರಿಸಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಿರಿ.

ಸೋಮವಾರವೂ ಹಾಗೇ ಶುರುವಾಯಿತು. ಸಿಪಾಯಿಗಳ ಗಾಡಿಯೊಂದು ಎದುರು ಹಳಿಯ ಮೇಲೆ ನಿಂತಿತ್ತು. ಗೊನೆಗಳನ್ನು ಕೆಳಗಿಳಿಸಿ ಎರಡು ರಾಶಿ ಮಾಡಿದ್ದರು, ಅಪ್ಪನ ಕೈಯಲ್ಲಿ ಹಗ್ಗ ಕೊಯ್ಯುವ ಕುಡಗೋಲು ಇತ್ತು. ನಾನು ಮಾಲುಖಾನೆಯ ಬಾಗಿಲಲ್ಲಿ ಚೀಟಿ ಬರೆಯುತ್ತಾ ಒಂದು ಕಿವಿ ಆ ಕಡೆಗೇ ಇಟ್ಟಿದ್ದೆ. ಅಪ್ಪ ಬೈದ. ನಬಿಕಾಕಾ ತಿರುಗಿ ಬೈದ, ಆದರೆ ದನಿಯಲ್ಲಿ ಜೀವವಿರಲಿಲ್ಲ. ರಾತ್ರಿಯೆಲ್ಲ ಗಾಡಿ ಹೊಡೆದು ದಣಿದಿದ್ದಾನೆ ಎಂದುಕೊಂಡು ಅಪ್ಪ ಅವನನ್ನು ಎಬ್ಬಿಸಲೆಂದು ಇನ್ನೂ ಜೋರು ಮಾಡಿದ. ಕಡೆಗೆ ತನ್ನ ಮಾತು ಹೇಳಿದ. ನಬಿಕಾಕಾ ತನ್ನ ಮಾತು ಹೇಳಲಿಲ್ಲ. “ಏನಂದಿ?” ಎಂದು ಮೆಲ್ಲಗೆ ಕೇಳಿದ. ಅಯ್ಯೋ ಅಣ್ಣಾ, ಅಪ್ಪ ತನ್ನ ಗೆಳೆಯನಿಗೆ ಕೇಳಿಸಿಲ್ಲ ಎಂದುಕೊಂಡು ನಗುನಗುತ್ತಾ ಇನ್ನೊಂದು ಸಲ ಹೇಳಿಬಿಟ್ಟ. “ನಿನ್ನ ತ್ವಾಟದಾಗ ದೀಪ ಹಚ್ಚಾವ್ರು ಉಳೀಬಾರ್ದು!”

ನಿನ್ನ ಜೊತೆಗೇ ಬಸರಾಕ್ಕೆ ಹೊರಟುಬಂದ ಖಾಜಾ ಎಲ್ಲಿದ್ದಾನೆಂದು ಯುಗಾದಿಯಿಂದ ಈಚೆಗೆ ಆ ಮನೆಗೆ ಗೊತ್ತಿಲ್ಲ. ಅದು ಅಪ್ಪನಿಗೂ ಗೊತ್ತಿತ್ತು, ನಿತ್ಯ ಅದನ್ನೇ ಮಾತಾಡುತ್ತಿದ್ದ. ಆದರೆ ಬಾಯಿಗೆ ರೂಢಿಯಾದ ಮಾತು, ಅರ್ಥವನ್ನು ಕೇಳಿ ಹೊರಗೆ ಬರುತ್ತದೆಯೇ? ನಬಿಕಾಕಾ ಅಪ್ಪನ ಕೈಯಿಂದ ಕುಡಗೋಲು ಕಸಿದುಕೊಂಡ. ಅಪ್ಪನ ಮೇಲೆ ಎತ್ತಲಿಲ್ಲ. ತನ್ನ ರಾಶಿಯ ಕಡೆಗೆ ತಿರುಗಿ ತನ್ನ ಗೊನೆಗಳನ್ನೇ ಕೊಚ್ಚತೊಡಗಿದ. “ಯಾರ್ ಸಲುವಾಗಿ ಬೆಳೀಲಿ ಇವನ್ನ? ಯಾರ್ ಸಲುವಾಗಿ?” ಎಂದು ಒಂದೇ ಮಾತು. ಅಪ್ಪ ಹೋಗಿ ಅವನ ರಟ್ಟೆ ಹಿಡಿದ. ಎಳೆದಾಟದಲ್ಲಿ ಕಾಕಾನ ಅಂಗೈ ಸೀಳಿತು, ರುಮಾಲು ಬಿತ್ತು, ಅಪ್ಪನ ಅಂಗಿಯ ಮೇಲೆಲ್ಲ ರಕ್ತ. ಎತ್ತಿನ ಗಾಡಿಯವರು ಬಿಡಿಸಲು ಬಂದವರು ಎರಡು ಗುಂಪಾಗಿ ಇವರನ್ನು ಒಂದಿಷ್ಟು ಜನ, ಅವರನ್ನು ಒಂದಿಷ್ಟು ಜನ ಹಿಡಿದುಕೊಂಡರು. ದೂರದಿಂದ ನೋಡಿದವರಿಗೆ ಅದು ಹೇಗೆ ಕಂಡಿರಬೇಕು ಹೇಳು. ಒಂದು ಕಡೆ ವಿಭೂತಿ, ಒಂದು ಕಡೆ ಗಡ್ಡ, ನಡುವೆ ರಕ್ತ ಹತ್ತಿದ ಕುಡಗೋಲು. ಪೊಲೀಸರು ಸೀಟಿ ಊದಿದರು.

ಇನ್‌ಸ್ಪೆಕ್ಟರ್ ಕೆಟ್ಟ ಮನುಷ್ಯನಲ್ಲ, ಅವನಿಗೆ ಅವಸರ. ತನ್ನ ಕಾಗದದಲ್ಲಿ ಆಗಲೇ ‘ಅಫ್ರೇ’ ಎಂದು ಬರೆದಿದ್ದಾನೆ. ಅದು ಏನೆಂದು ನಿನಗೆ ಹೇಳಬೇಕಿಲ್ಲ, ಆದರೂ ನಾನು ಕೋರ್ಟಿನ ಪುಸ್ತಕ ತರಿಸಿ ನೋಡಿದೆ: ನಾಲ್ಕು ಮಂದಿ ಓಡಾಡುವ ಜಾಗದಲ್ಲಿ ಇಬ್ಬರು ಹೊಡೆದಾಡಿ ಶಾಂತಿ ಕೆಡಿಸುವುದು. ಇಬ್ಬರಿಗೂ ಜೇಲು. “ಮೊದಲು ರಾಯಟ್, ದೊಂಬಿ ಅಂತ ಬರೆಯೋನಿದ್ದೆ, ನಿನ್ನ ಮುಖ ನೋಡಿ ಇಳಿಸಿದ್ದೀನಿ” ಎಂದು ಉಪಕಾರ ಮಾಡಿದವನಂತೆ ಹೇಳಿದ. ಹೇಳಿಕೆಯನ್ನು ಇಂಗ್ರೇಜಿ ಮಾಡಲು ವಾಡಿಯಿಂದ ಬೇರೆ ಮುನ್ಷಿಯನ್ನು ಕರೆಸುವುದಾಗಿಯೂ ಹೇಳಿದ. ಆಪಾದಿತನ ಮಗ ಬರೆಯುವುದು ಸರಿಯಲ್ಲ, ಅದು ನ್ಯಾಯವೇ. ಆಗ ಅಂಗೈಗೆ ಅರಿವೆ ಸುತ್ತಿಕೊಂಡು ಕೂತಿದ್ದ ನಬಿಕಾಕಾ ತಲೆಯೆತ್ತಿ ಅಂದ: “ಜಗದೇವನೇ ಬರೀಲಿ. ಬ್ಯಾರೆ ಯಾರರೆ ಬರದ್ರ ನಾ ಅಂಗೂಠಾ ಹಾಕಂಗಿಲ್ಲ. ಹೊರಗಿನಾವಗ ನಮ್ ಮಾತು ಏನ್ ತಿಳೀತದ?” ಇನ್‌ಸ್ಪೆಕ್ಟರ್ ಕಕ್ಕಾಬಿಕ್ಕಿಯಾದ. ಗಾಯವಾದವನೇ ಎದುರಾಳಿಯ ಮಗ ಬೇಕೆಂದರೆ ಅವನೇನು ಮಾಡಿಯಾನು? ಒಪ್ಪಿಕೊಂಡ. ಕಾಕಾ ನನ್ನ ಮುಖ ಮಾತ್ರ ನೋಡಲಿಲ್ಲ. ಅಪ್ಪನ ಮುಖವನ್ನೂ ನೋಡಲಿಲ್ಲ.

ಮಂಗಳವಾರ ಹೇಳಿಕೆ ಬರೆದುಕೊಳ್ಳಲು ಅಪ್ಪನ ಹತ್ತಿರ ಹೋದೆ. ಶರಣಬಸಪ್ಪನ ಗುಡಿಯ ಕಟ್ಟೆಯ ಮೇಲೆ ಕೂತಿದ್ದ, ಅಲ್ಲೇ ದಾಸೋಹದಲ್ಲಿ ಊಟ. ನಬಿಕಾಕಾ ದರ್ಗಾದಲ್ಲಿ ಇಳಿದಿದ್ದಾನೆ. ಬೇರೆ ವರ್ಷವಾಗಿದ್ದರೆ ಇಬ್ಬರೂ ಒಂದೇ ಗಾಡಿಯ ನೆರಳಿಗೆ ರೊಟ್ಟಿ ಬಿಚ್ಚುತ್ತಿದ್ದರು. ಅಪ್ಪ ನನ್ನ ಕಾಗದ ನೋಡಿದ. “ಎಲ್ಲಾದಕ್ಕಿಂತ ದೊಡ್ಡ ಪದ ಯಾವುದದ?” ಎಂದು ಕೇಳಿದ. ಯಾಕೆ ಕೇಳಿದನೋ ನನಗೆ ತಿಳಿಯಲಿಲ್ಲ. “ನಾನೇ ಹೊಡದೀನಿ ಅಂತ ಬರಿ. ನಬ್ಯಾ ಏನೂ ಮಾಡಿಲ್ಲ. ಅವನ ಹೆಸರು ಎಲ್ಲೂ ಬರಬಾರ್ದು. ನಾ ಅಂದೀನಿ, ಎಲ್ಡು ಸಲ ಅಂದೀನಿ.” ನನಗೆ ರೇಗಿತು. “ಅಪ್ಪಾ, ನೀ ಹೊಡದಿಲ್ಲ, ಅಂವ ಗೊನಿ ಕೊಚ್ಚೂದು ತಡದಿ, ಸುಳ್ಳು ಹ್ಯಾಂಗ ಬರೀಲಿ?” ಎಂದು ಕೂಗಾಡಿದೆ. ಅಪ್ಪ ಮೊದಲ ಸಲ ನನ್ನ ಮಾತಿಗೆ ತಿರುಗಿ ಬೈಯಲಿಲ್ಲ. “ಹೊಡದಂಗೇ ಆಗೇದ” ಎಂದಷ್ಟೇ ಅಂದು ಗುಡಿಯ ಕಡೆ ಮುಖ ತಿರುಗಿಸಿದ. ನಮ್ಮಪ್ಪ ಇಷ್ಟು ಸಣ್ಣವನಾಗಿ ಕಂಡದ್ದನ್ನು ನಾನು ಎಂದೂ ನೋಡಿರಲಿಲ್ಲ ಅಣ್ಣಾ. ನನಗೆ ಅಳು ಬಂತು, ಗುಡಿಗೆ ಬಂದವರೆಲ್ಲ ನೋಡುತ್ತಿದ್ದರೆಂದು ನುಂಗಿಕೊಂಡೆ.

ಈಗ ನನ್ನ ಮೇಜಿನ ಮೇಲೆ ಆ ಕಾಗದ ಇದೆ. ನಡೆದದ್ದನ್ನೆಲ್ಲ ಬರೆದಿದ್ದೇನೆ, ಮೊದಲ ಸಾಲಿನಲ್ಲಿ ಒಂದು ಪದದ ಜಾಗ ಬಿಟ್ಟು. “ಇವರಿಬ್ಬರ ನಡುವೆ ಒಂದು ಇಂಥದ್ದು ನಡೆಯಿತು” ಎನ್ನಬೇಕಲ್ಲ, ಆ ಇಂಥದ್ದು. ನೀನು ನನಗೆ ಇಂಗ್ರೇಜಿ ಕಲಿಸಿದ ರೀತಿ ನೆನಪಾಗುತ್ತದೆ. ಬಾವಿಕಟ್ಟೆಯ ಮೇಲೆ ಕೂತಾಗ ಊರಿನಲ್ಲಿ ಎಲ್ಲಿ ಜಗಳ ಕೇಳಿಸಿದರೂ “ಇದಕ್ಕೇನಂತಾರ ಹೇಳು” ಎಂದು ನನ್ನ ಕಿವಿ ಹಿಂಡುತ್ತಿದ್ದೆ. ಅವ್ವ ಮತ್ತು ಸೂಗಮ್ಮತ್ತೆ ಉಪ್ಪಿನಕಾಯಿ ಜಾಡಿಗಾಗಿ ಕೂಗಾಡಿದರೆ ಅದು ಕ್ವಾರೆಲ್, “ಯಾಕಂದ್ರ ನಾಳಿ ಮತ್ತ ಕೂಡಿ ಹಪ್ಪಳಾ ಮಾಡ್ತಾರ.” ಗುಡಿಯ ಅಂಗಳದಲ್ಲಿ ಇಬ್ಬರು ಸ್ವಾಮಿಗಳು ಜನರನ್ನು ಕೂಡಿಸಿಕೊಂಡು ಸರದಿಯ ಮೇಲೆ ಮಾತಾಡಿದರೆ ಡಿಬೇಟ್. ಗೌಡರ ಮನೆಗಳ ಬಾಂದುಕಲ್ಲಿನದು ಡಿಸ್ಪ್ಯೂಟ್, “ಮುದುಕ್ರು ಸಾಯ್ತಾರ, ಅದು ಸಾಯಂಗಿಲ್ಲ.” ನೀನೂ ನಾನೂ ಸುಮ್ಮನೆ ಕೂತು ಹುಜ್ಜತಿ ಮಾಡಿದರೆ ಆರ್ಗ್ಯುಮೆಂಟ್. ಅದರಲ್ಲಿ ಕಾರಣಗಳನ್ನಷ್ಟೇ ಎಸೆಯಬೇಕು, ಸಿಟ್ಟು ಬಂದವನು ಸೋತ. ಯಾವಾಗಲೂ ನಾನೇ ಸೋಲುತ್ತಿದ್ದೆ. ಆಲ್ಟರ್ಕೇಷನ್ ಎಂದರೇನು ಎಂದು ನಾನು ಕೇಳಿದಾಗ ನೀನು “ಕೋಟು ಹಾಕ್ಕೊಂಡವ್ರ ಜಗಳ” ಎಂದಿದ್ದೆ. ಖಾಜಾ ಮಧ್ಯೆ ಬಾಯಿ ಹಾಕಿ “ಮತ್ತ ನಮ್ಮಪ್ಪಂದೂ ನಿಮ್ಮಪ್ಪಂದೂ ಬೈದಾಟಕ್ಕ ಏನಂತಾರೋ?” ಎಂದು ಕೇಳಿದ್ದ. ಅದಕ್ಕೆ ನೀನು ತಲೆ ಕೆರೆದುಕೊಂಡು ಬಾವಿಗೆ ಹಾರಿ ಈಜತೊಡಗಿದ್ದೆ. ನೋಡು, ಆವತ್ತು ಉಳಿಸಿದ ಪ್ರಶ್ನೆ ಈಗ ನನ್ನ ಪಾಲಿಗೆ ಬಂದಿದೆ.

ಆರ್ಗ್ಯುಮೆಂಟ್ ಎಂದು ಬರೆದೆ, ಹೊಡೆದು ಹಾಕಿದೆ. ಯಾವ ಕಾರಣ ಯಾರು ಕೊಟ್ಟರು? ಡಿಸ್ಪ್ಯೂಟ್ ಎಂದರೆ ಇಬ್ಬರೂ ಒಂದೇ ವಸ್ತು ನನ್ನದೆನ್ನಬೇಕು. ಇಲ್ಲಿ ಯಾವ ವಸ್ತು? ಫೈಟ್ ಎಂದರೆ ಇನ್‌ಸ್ಪೆಕ್ಟರನ ಅಫ್ರೇಗೆ ನಾನೇ ಮೆಟ್ಟಿಲು ಕಟ್ಟಿಕೊಟ್ಟಂತೆ. ಕ್ವಾರೆಲ್ ಎಂದರೆ ಹಗುರ, ಸಾಹೇಬ ಎಚ್ಚರಿಕೆ ಕೊಟ್ಟು ಬಿಡುತ್ತಾನೆ. ಅದನ್ನೇ ಬರೆಯಬೇಕೆಂದು ಪೆನ್ನು ಅದ್ದಿದೆ. ಆದರೆ ಕ್ವಾರೆಲ್ ಆಡಿದವರು ನಾಳೆ ಕೂಡಿ ಹಪ್ಪಳ ಮಾಡುತ್ತಾರೆ ಎಂದು ಕಲಿಸಿದವನು ನೀನು. ಇವರು ಮಾಡುತ್ತಾರೆಯೇ? ಕಾಕಾ ನನ್ನನ್ನೇ ಬರೆಯಲು ಕೇಳಿದ್ದು ನಾನು ಅಪ್ಪನನ್ನು ಉಳಿಸಲಿ ಎಂದಲ್ಲ, ತನ್ನ ಎದೆಯೊಳಗೆ ಆದದ್ದನ್ನು ನಾನು ಬಲ್ಲೆ ಎಂದು. ಅವನ ಸಂಕಟಕ್ಕೆ ಉಪ್ಪಿನಕಾಯಿ ಜಾಡಿಯ ಹೆಸರಿಟ್ಟು ನನ್ನಪ್ಪನನ್ನು ಬಿಡಿಸಿಕೊಂಡರೆ, ಆ ಮನೆಯ ಮುಂದೆ ನಾನು ಹೇಗೆ ಹಾದುಹೋಗಲಿ? ಹಾಗೆಂದು ದೊಡ್ಡ ಹೆಸರಿಟ್ಟರೆ ಇಬ್ಬರೂ ಒಳಗೆ. ಇಲ್ಲಿ ಮಾಲಿಗೆ ಹೆಸರು ಬರೆಯದೆ ಚೀಟಿ ಕೊಡಬಾರದು ಎಂದು ದಿನಾಲೂ ನಾನೇ ವ್ಯಾಪಾರಿಗಳ ಮೇಲೆ ಹಾರಾಡುತ್ತೇನೆ, ಈಗ ನನ್ನ ಕೈಯೇ ಏಳುತ್ತಿಲ್ಲ. ಮದ್ರಾಸಿನ ಮೇಲ್ ಬರುವ ಹೊತ್ತಾಯಿತು. ಉಳಿದದ್ದು ವಿಚಾರಣೆ ಮುಗಿದ ಮೇಲೆ ಬರೆಯುತ್ತೇನೆ.

ಶುಕ್ರವಾರ ಮಧ್ಯಾಹ್ನ

ಅಣ್ಣಾ, ಈಗಷ್ಟೇ ಹೊರಗೆ ಬಂದೆ. ಮೊಣಕಾಲ ಮೇಲಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ನಗಬೇಡ. ಮ್ಯಾಜಿಸ್ಟ್ರೇಟ್ ಸಾಹೇಬ ಸ್ಟೇಷನ್ನಿನ ವೇಟಿಂಗ್ ರೂಮಿನಲ್ಲೇ ಮೇಜು ಹಾಕಿಸಿಕೊಂಡಿದ್ದ. ಎತ್ತರದ ಮುದುಕ, ಮಾತು ಕಡಿಮೆ. ನನ್ನ ಕಾಗದ ಓದಿದ. ಮೊದಲ ಸಾಲಿನ ಖಾಲಿ ಜಾಗದ ಮೇಲೆ ಬೆರಳಿಟ್ಟು “ಇಲ್ಲಿ ಪದ ಎಲ್ಲಿ?” ಎಂದು ಇಂಗ್ರೇಜಿಯಲ್ಲಿ ಕೇಳಿದ. “ನನಗೆ ಗೊತ್ತಿರುವ ಪದಗಳಲ್ಲಿ ಯಾವುದೂ ನಿಜವಲ್ಲ ಸಾಹೇಬರೇ” ಎಂದೆ. ಹಿಂದೆ ನಿಂತಿದ್ದ ಇನ್‌ಸ್ಪೆಕ್ಟರ್ ಕೆಮ್ಮಿದ. ಸಾಹೇಬ ನನ್ನನ್ನು ಮೇಲಿಂದ ಕೆಳಗೆ ನೋಡಿ “ಕೋರ್ಟಿಗೆ ಖಾಲಿ ಜಾಗ ಬೇಡ. ಗೊತ್ತಿರುವುದನ್ನು ಹೇಳು” ಎಂದ. ಹೇಳಿದೆ. ಅಜ್ಜಂದಿರಿಂದ ಹಿಡಿದು ದೃಷ್ಟಿ, ಬೈಗುಳ, ಕಡೆಯ ಎರಡು ಮಾತು, ಬಸರಾ, ಖಾಜಾ, ಎಲ್ಲ ಹೇಳಿದೆ. ನನ್ನ ಇಂಗ್ರೇಜಿ ಅಲ್ಲಲ್ಲಿ ಕುಂಟಿತು, ನಿಲ್ಲಲಿಲ್ಲ. ಅಪ್ಪ ನಡುವೆ ಎರಡು ಸಲ “ನಾನೇ ಹೊಡದೀನ್ರೀ” ಎಂದು ಎದ್ದುನಿಂತ. ಪೊಲೀಸಿನವನು ಅವನ ಭುಜ ಹಿಡಿದು ಕೂಡಿಸಿದ.

ಸಾಹೇಬ ಸೀಸದ ಕಡ್ಡಿಯಿಂದ ಮೇಜು ಕುಟ್ಟಿದ. ಆಮೇಲೆ ಕೇಳಿದ: “ಪ್ರತಿವರ್ಷ ಇದು ಹೇಗೆ ಮುಗಿಯುತ್ತದೆ?” ಹಣ್ಣು ತಿನ್ನುವುದನ್ನು ಹೇಳಿದೆ. “ಈ ವರ್ಷ ತಿಂದರೇ?” ಇಲ್ಲ ಎಂದೆ. “ಹಾಗಿದ್ದರೆ ಇನ್ನೂ ಮುಗಿದಿಲ್ಲ” ಎಂದು ಇಬ್ಬರ ಕಡೆಗೂ ನೋಡಿದ. ಅದನ್ನು ಕನ್ನಡದಲ್ಲಿ ಹೇಳುವಷ್ಟರಲ್ಲಿ ಅಪ್ಪ ತನ್ನ ಧೋತರದ ಸೆರಗಿನ ಗಂಟು ಬಿಚ್ಚುತ್ತಿದ್ದ. ಸೋಮವಾರ ತಂದಿದ್ದ ಚಿಪ್ಪಿನಲ್ಲಿ ಒಂದು ಹಣ್ಣು ಇಟ್ಟುಕೊಂಡಿದ್ದ ಕಾಣುತ್ತದೆ. ಸಿಪ್ಪೆ ಕಪ್ಪಾಗಿತ್ತು. ಅದನ್ನು ಸುಲಿದು, “ನಬ್ಯಾ” ಎಂದು ಚಾಚಿದ. ತಿಂದರೆ ಸಾಹೇಬ ಅಲ್ಲಿಗೇ ಕಾಗದ ಮಡಚುತ್ತಾನೆ ಎಂದು ಇನ್‌ಸ್ಪೆಕ್ಟರಿಗೂ ಗೊತ್ತಾಗಿತ್ತು. ಒಂದು ತುತ್ತು, ಅಷ್ಟೇ. ನಾನು ಮನಸ್ಸಿನಲ್ಲೇ ಶರಣಬಸಪ್ಪನನ್ನೂ ದರ್ಗಾದ ಬಂದೇನವಾಜರನ್ನೂ ಒಟ್ಟಿಗೇ ಕೂಗುತ್ತಿದ್ದೆ.

ನಬಿಕಾಕಾ ಹಣ್ಣು ನೋಡಿದ. ಅರಿವೆ ಸುತ್ತಿದ ಕೈ ಮಡಿಲಲ್ಲೇ ಇತ್ತು. ಎದ್ದು ನಿಂತು ಸಾಹೇಬನಿಗೆ ಸಲಾಂ ಮಾಡಿ ಅಂದ: “ಸಾಬ್, ದೌಲಪ್ಪ ನನಗ ಹೊಡದಿಲ್ಲ. ಬೈದೂ ಇಲ್ಲ. ಅಂವ ಅಂದಿದ್ದು ನಮ್ ಅಬ್ಬಾನ ಕಾಲದ ಮಾತು, ನಾನೂ ವರ್ಷಾ ವರ್ಷಾ ಕೇಳಿ ನಕ್ಕೀನಿ. ಈ ವರ್ಷ ನನ್ ಕಿವೀನೇ ಬ್ಯಾರೆ ಆಗ್ಯಾವ. ಕೈ ನಾನೇ ಕೊಯ್ಕೊಂಡೀನಿ. ತಪ್ಪಿದ್ರ ನನಗ ಹಾಕ್ರಿ. ಆದ್ರ ಈ ಹಣ್ಣ ನನ್ ಗಂಟಲದಾಗ ಇಳಿಯಂಗಿಲ್ಲ. ನನ್ ಮಗಂದು ಖಬರ್ ಬರೂ ತನಕ ಇಳಿಯಂಗಿಲ್ಲ. ಸುಳ್ ಸುಳ್ಳೇ ತಿಂದು ನಿಮಗ ತೋರ್ಸ್ಲಿ ಏನ್ರೀ?” ಇದನ್ನು ನಾನು ಇಂಗ್ರೇಜಿಯಲ್ಲಿ ಹೇಳಬೇಕಿತ್ತು. ಪೂರ್ತಿ ಹೇಳಿದೆ, ಒಂದು ಮಾತೂ ಬಿಡಲಿಲ್ಲ. ಅಪ್ಪ ಸುಲಿದ ಹಣ್ಣು ಹಿಡಿದುಕೊಂಡೇ ನಿಂತಿದ್ದ. ಕಡೆಗೆ ಅದನ್ನು ಏನು ಮಾಡಬೇಕೆಂದು ತಿಳಿಯದೆ ಮತ್ತೆ ಸೆರಗಿನಲ್ಲೇ ಸುತ್ತಿಕೊಂಡ.

ಸಾಹೇಬ ಆ ಖಾಲಿ ಜಾಗದಲ್ಲಿ ಸೀಸದ ಕಡ್ಡಿಯಿಂದ ‘ಕ್ವಾರೆಲ್’ ಎಂದು ಬರೆದು, ಪಕ್ಕದಲ್ಲಿ ಒಂದು ಪ್ರಶ್ನೆಯ ಗುರುತು ಹಾಕಿದ. ಶಾಯಿಯಲ್ಲಿ ಬರೆಯಲಿಲ್ಲ. ವಿಚಾರಣೆಯನ್ನು ಸಂಕ್ರಾಂತಿ ಕಳೆದ ಮೇಲಕ್ಕೆ ಮುಂದೂಡಿದ್ದಾನೆ. ಅಷ್ಟರಲ್ಲಿ ಇಬ್ಬರೂ ಹಣ್ಣು ತಿಂದು ಬಂದರೆ ಕಾಗದ ಹರಿದು ಹಾಕುವುದಾಗಿ ಹೇಳಿದ. ತಿನ್ನದಿದ್ದರೆ ಇನ್‌ಸ್ಪೆಕ್ಟರನ ಅಫ್ರೇ ಅಲ್ಲೇ ಫೈಲಿನಲ್ಲಿ ಕೂತಿರುತ್ತದೆ, ಅದನ್ನು ನೋಡಬೇಕಾಗುತ್ತದೆ ಎಂದ. ಹೊರಗೆ ಬಂದ ಮೇಲೆ ಅಪ್ಪ ಒಂದು ಗಾಡಿಯಲ್ಲಿ, ಕಾಕಾ ಒಂದು ಗಾಡಿಯಲ್ಲಿ ಕಮಲಾಪುರದ ದಾರಿ ಹಿಡಿದರು. ನಡುವೆ ಬೇಕೆಂದೇ ಅಂತರ ಬಿಟ್ಟುಕೊಂಡಿದ್ದರು. ನನಗೆ ರಜೆ ಸಿಕ್ಕಿದೆ, ನಾಳೆ ಬೆಳಿಗ್ಗೆ ನಾನೂ ಹೋಗುತ್ತೇನೆ.

ಅವ್ವನ ಆಶೀರ್ವಾದ. ಹೋದ ಸಲ ಊರಿಗೆ ಹೋದಾಗ ವೈನಿ ನಮಸ್ಕಾರ ಹೇಳಿದಳು, ಜೊತೆಗೆ ಇನ್ನೂ ಏನೋ ಹೇಳುವವಳಿದ್ದಳು, ನನ್ನ ಮುಂದೆ ನಾಚಿ ಒಳಗೆ ಹೋದಳು. ಅದನ್ನು ನೀನೇ ತಿಳಿದುಕೋ. ನೀರು ಕಾಯಿಸಿ ಕುಡಿ, ಬಿಸಿಲಲ್ಲಿ ಬರಿತಲೆಯಲ್ಲಿ ತಿರುಗಬೇಡ. ಶರಣಬಸಪ್ಪ ನಿನ್ನನ್ನು ಕಾಯಲಿ.

ನಿನ್ನ ತಮ್ಮ,
ಜಗದೇವಪ್ಪ

ತಾ.ಕ. — ಕಮಲಾಪುರ, ಸೋಮವಾರ. ಟಪಾಲಿಗೆ ಹಾಕುವ ಮೊದಲೇ ಇಲ್ಲಿಗೆ ಬಂದೆ, ಒಳ್ಳೆಯದೇ ಆಯಿತು. ಅಪ್ಪ ಊರು ಮುಟ್ಟಿದವನು ಮನೆಗೆ ಬರಲಿಲ್ಲವಂತೆ. ನೆಟ್ಟಗೆ ನಬಿಕಾಕಾನ ತೋಟಕ್ಕೆ ಹೋಗಿ, ಬಾವಿಯ ಗೂಡಿನಲ್ಲಿ ಪಣತಿ ಇಟ್ಟು ದೀಪ ಹಚ್ಚಿ ಬಂದಿದ್ದಾನೆ. ಅಂದಿನಿಂದ ದಿನಾ ಸಂಜೆ ಹೋಗುತ್ತಾನೆ. ಅವ್ವ ಬೇಡವೆಂದರೂ ಕೇಳುವುದಿಲ್ಲ. ಕಾಕಾ ಮನೆಯ ಬಾಗಿಲಲ್ಲಿ ನಿಂತು ನೋಡುತ್ತಾನೆ, ಬಾ ಎನ್ನುವುದಿಲ್ಲ, ಹೋಗು ಎನ್ನುವುದಿಲ್ಲ. ನಿನ್ನೆ ನಾನೂ ಅಪ್ಪನ ಹಿಂದೆ ಹೋಗಿದ್ದೆ. ಪಣತಿಯಲ್ಲಿ ಆಗಲೇ ಯಾರೋ ಎಣ್ಣೆ ಹಾಕಿ ಬತ್ತಿ ಇಟ್ಟಿದ್ದರು, ಹಚ್ಚುವುದನ್ನು ಮಾತ್ರ ಅಪ್ಪನಿಗೆ ಬಿಟ್ಟಿದ್ದರು. ಖಾಜಾನ ಅವ್ವ ಕುಲ್ಸುಮ್ ಚಿಗವ್ವನೋ ಕಾಕಾನೋ ಗೊತ್ತಾಗಲಿಲ್ಲ.

ಅಣ್ಣಾ, ನಿನ್ನ ಕಾಗದಗಳ ಕೊನೆಯಲ್ಲಿ “ಖಾಜಾ ಸಲಾಂ ಹ್ಯಾಳ್ಯಾನ” ಎಂಬ ಸಾಲು ಮೊದಲು ತಪ್ಪದೇ ಇರುತ್ತಿತ್ತು. ಯುಗಾದಿಯಿಂದ ಈಚೆಗೆ ಇಲ್ಲ. ಅವನ ಮಾತೇ ನೀನು ಎತ್ತುತ್ತಿಲ್ಲ. ಬೇರೆ ಕಡೆಗೆ ಕಳಿಸಿದ್ದಾರೆಯೇ, ಆಸ್ಪತ್ರೆಯಲ್ಲಿದ್ದಾನೆಯೇ, ಇಲ್ಲ ಬೇರೆ ಏನಾದರೂ ಆಗಿದೆಯೇ? ಏನಿದ್ದರೂ ಬರಿ. ಇಲ್ಲಿ ಯಾರಿಗೂ ನೋವಾಗಬಾರದೆಂದು ನೀನು ಸುಮ್ಮನಿದ್ದರೆ, ಆ ಸುಮ್ಮನಿರುವುದೇ ಈಗ ಎರಡು ಮನೆಗಳನ್ನು ತಿನ್ನುತ್ತಿದೆ. ನನ್ನ ಹೆಸರಿಗೆ, ಕನ್ನಡದಲ್ಲಿ ಬರಿ, ನಾನೇ ಹೋಗಿ ಓದಿ ಹೇಳುತ್ತೇನೆ. ಅಪ್ಪ ಹೇಗೂ ಆ ದೀಪ ಹಚ್ಚುವುದನ್ನು ಬಿಡುವುದಿಲ್ಲ. ಬರುವವನಿಗೆ ದಾರಿ ಕಾಣಲೆಂದು ಹಚ್ಚುತ್ತಿದ್ದಾನೋ, ಹೋದವನ ಹೆಸರಿಗೆ ಹಚ್ಚುತ್ತಿದ್ದಾನೋ, ಅದಷ್ಟು ತಿಳಿಸು. ಕಲಬುರ್ಗಿಯ ಗಾಡಿ ಹೊರಡುತ್ತಿದೆ, ನಿಲ್ಲಿಸುತ್ತೇನೆ.